ಕೊನೆಯ ಗಂಟೆಯ ನಂತರದ ಶಾಲೆ

ಸಂಜೆ ಕೊನೆಯ ಗಂಟೆ ಬಾರಿಸಿತೆಂದರೆ ಅಂದಿನ ಶಾಲೆ ಮುಗಿಯಿತೆಂದೇ ಹೊರಗಿನವರ ಭಾವನೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಸರ್ಕಾರಿ ಪ್ರೌಢಶಾಲೆಯೊಂದರ ಅಂಗಳದಲ್ಲಿ ಆಗಸ್ಟ್ ತಿಂಗಳ ಸಂಜೆ ಅರ್ಧ ಗಂಟೆ ನಿಂತು ನೋಡಿದರೆ ಅಲ್ಲಿ ಇನ್ನೊಂದು ಶಾಲೆ ತೆರೆದುಕೊಳ್ಳುವುದು ಕಾಣುತ್ತದೆ. ಒಂದು ಮೂಲೆಯಲ್ಲಿ ಸುಣ್ಣದ ಗೆರೆ ಎಳೆದ ಕಬಡ್ಡಿ ಅಂಕಣ. ಇನ್ನೊಂದು ಕಡೆ ಸ್ವಾತಂತ್ರ್ಯ ದಿನಾಚರಣೆಯ ಪಥಸಂಚಲನಕ್ಕೆ ಕಾಲು ಕೂಡಿಸುತ್ತಿರುವ ಸಾಲು. ವರಾಂಡದಲ್ಲಿ ನಾಲ್ಕು ಹುಡುಗಿಯರು ಸೋಬಾನೆ ಪದಕ್ಕೆ ದನಿಗೂಡಿಸುತ್ತಿರುತ್ತಾರೆ. ಗೇಟಿನ ಬಳಿ ಒಬ್ಬಳು, ‘ಬಸ್ಸು ಹೊಂಟೋಯ್ತದೆ ಸಾ, ನಾ ಬತ್ತೀನಿ’ ಎಂದು ಬ್ಯಾಗು ಹೆಗಲಿಗೇರಿಸಿ ಓಡುತ್ತಿರುತ್ತಾಳೆ.

ಇದಕ್ಕೆ ಇಲಾಖೆಯ ಭಾಷೆಯಲ್ಲಿ ಹಿಂದೆ ‘ಪಠ್ಯೇತರ ಚಟುವಟಿಕೆ’ ಎಂಬ ಹೆಸರಿತ್ತು. ಅಂದರೆ ಪಾಠಕ್ಕೆ ಸೇರದ್ದು, ಹೊರಗಿನದು. ಆಮೇಲೆ ಅದು ‘ಸಹಪಠ್ಯ ಚಟುವಟಿಕೆ’ಯಾಯಿತು. ಹೊರಗಿದ್ದದ್ದು ಪಾಠದ ಪಕ್ಕಕ್ಕೆ ಬಂದು ಕುಳಿತಿತು. ಈ ಎರಡು ಪದಗಳ ನಡುವೆ ಸುಮಾರು ಒಂದು ಶತಮಾನದ ಇತಿಹಾಸವಿದೆ. ಹಳ್ಳಿಯ ಮಗು ತನ್ನ ಮನೆಯಿಂದ ತಂದ ವಿದ್ಯೆಗೆ ಶಾಲೆಯಲ್ಲಿ ಜಾಗ ಸಿಕ್ಕಿದ್ದು ಹೇಗೆ, ಸಿಕ್ಕ ಜಾಗ ಈಗ ಉಳಿಯುವುದೇ ಎಂಬ ಪ್ರಶ್ನೆ ಆ ಇತಿಹಾಸದಲ್ಲೇ ಅಡಗಿದೆ.

ನಾಲೆಯ ನೀರು, ಶಾಲೆಯ ಗಂಟೆ

ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರ ಜುಲೈ 1ರಂದು. ಅಲ್ಲಿಯವರೆಗೆ ಈ ಮೂರೂ ತಾಲ್ಲೂಕುಗಳು ಮೈಸೂರು ಜಿಲ್ಲೆಯ ಭಾಗವಾಗಿದ್ದವು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕೆಲಸ ಮುಗಿದು, 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. ಇಂದಿನ ವಿಶ್ವೇಶ್ವರಯ್ಯ ನಾಲೆ ಅದೇ. ಅದೇ ದಶಕದಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಕಬ್ಬು ಅರೆಯತೊಡಗಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ, ಕಬ್ಬು ಬಂತು. ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ ಮಗನನ್ನು ಹೈಸ್ಕೂಲಿಗೆ ಕಳಿಸುವ ಯೋಚನೆಯೂ ಬಂತು. ಮಗಳನ್ನು ಕಳಿಸುವ ಯೋಚನೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಆ ಕಾಲದ ಹೈಸ್ಕೂಲು ಎಂದರೆ ಪಟ್ಟಣದ ವಸ್ತು. ಮೈಸೂರು ಸಂಸ್ಥಾನ 1913ರಲ್ಲೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ತಂದಿತ್ತಾದರೂ, ಹಳ್ಳಿಯ ಹುಡುಗನಿಗೆ ಪ್ರೌಢಶಿಕ್ಷಣ ಗಗನಕುಸುಮವೇ ಆಗಿತ್ತು. ಮಿಡಲ್ ಸ್ಕೂಲು ಮುಗಿಸಿದವನು ಮಂಡ್ಯಕ್ಕೋ ಮೈಸೂರಿಗೋ ಹೋಗಿ, ನೆಂಟರ ಮನೆಯಲ್ಲೋ ಹಾಸ್ಟೆಲಿನಲ್ಲೋ ಉಳಿದು ಓದಬೇಕಾಗಿತ್ತು. ಹೈಸ್ಕೂಲು ಸೇರುವುದೆಂದರೆ ಊರು ಬಿಡುವುದು, ಊರಿನ ಮಾತು ಬಿಡುವುದು, ಊರಿನ ಆಟಪಾಟಗಳನ್ನೂ ಬಿಡುವುದು ಎಂದಾಗಿತ್ತು.

ಅಂಥ ಶಾಲೆಯಲ್ಲಿ ಪುಸ್ತಕದ ಆಚೆಗೆ ಮೊದಲು ಕಾಲಿಟ್ಟದ್ದು ಡ್ರಿಲ್ಲು. ಇಂದಿಗೂ ಹಳಬರ ಬಾಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು ‘ಡ್ರಿಲ್ ಮೇಷ್ಟ್ರು’. ಅದರ ಬೆನ್ನಿಗೆ ಬಂದದ್ದು ಸ್ಕೌಟು. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ನಮ್ಮ ಬೆಂಗಳೂರಿನಲ್ಲೇ, ಕ್ಯಾಪ್ಟನ್ ಟಿ.ಎಚ್. ಬೇಕರ್ ಎಂಬ ಸೇನಾಧಿಕಾರಿಯಿಂದ ಆರಂಭವಾಯಿತು. ಅದು ಬಿಳಿಯರ ಮಕ್ಕಳ ದಳವಾಗಿತ್ತು. ಭಾರತೀಯ ಮಕ್ಕಳಿಗೂ ಸ್ಕೌಟ್ ಬೇಕೆಂದು ಆನಿ ಬೆಸೆಂಟರಂಥವರು ಪ್ರತ್ಯೇಕ ಸಂಘ ಕಟ್ಟಬೇಕಾಯಿತು. ಮೈಸೂರು ಸಂಸ್ಥಾನದಲ್ಲಿ ಅರಮನೆಯ ಆಶ್ರಯವೂ ಸಿಕ್ಕಿ ಖಾಕಿ ಚಡ್ಡಿ, ಕೊರಳ ಸ್ಕಾರ್ಫು, ಹಗ್ಗದ ಗಂಟುಗಳ ಈ ಶಿಕ್ಷಣ ಕ್ರಮೇಣ ಶಾಲೆಗಳಿಗೆ ಹಬ್ಬಿತು. ದೇಶದಲ್ಲಿದ್ದ ಬೇರೆ ಬೇರೆ ಸ್ಕೌಟ್ ಸಂಘಗಳು ಒಂದಾಗಿ ‘ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್’ ಆದದ್ದು 1950ರ ನವೆಂಬರ್ 7ರಂದು.

ಶಿವಪುರದ ಬಾವುಟ

ಡ್ರಿಲ್ಲು, ಸ್ಕೌಟು ಎರಡೂ ವಿಧೇಯತೆಯ ಪಾಠಗಳು. ಆದರೆ ಇದೇ ಸೀಮೆ ವಿಧೇಯತೆಗೆ ತದ್ವಿರುದ್ಧವಾದ ಇನ್ನೊಂದು ಪಾಠವನ್ನೂ ಕಲಿಯಿತು. ಅದು ನಡೆದದ್ದು ಮದ್ದೂರಿಗೆ ಹೊಂದಿಕೊಂಡ ಶಿವಪುರದಲ್ಲಿ.

1938ರ ಏಪ್ರಿಲ್ 11ರಿಂದ 13ರವರೆಗೆ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಅಲ್ಲಿ ಸೇರಿತು. ಕಾಂಗ್ರೆಸ್ ಬಾವುಟ ಹಾರಿಸಕೂಡದೆಂದು ಸಂಸ್ಥಾನದ ಅಧಿಕಾರಿಗಳು ನಿಷೇಧಾಜ್ಞೆ ಹೊರಡಿಸಿದರು. ಅಧ್ಯಕ್ಷ ಟಿ. ಸಿದ್ಧಲಿಂಗಯ್ಯ ಸಾವಿರಾರು ಜನರ ಎದುರು ಆಜ್ಞೆ ಮುರಿದು ಬಾವುಟ ಏರಿಸಿ ಬಂಧನಕ್ಕೊಳಗಾದರು. ಎಚ್.ಕೆ. ವೀರಣ್ಣಗೌಡರಂಥ ಸ್ಥಳೀಯ ಮುಖಂಡರು ಊರೂರು ತಿರುಗಿ ಜನರನ್ನು ಸೇರಿಸಿದ್ದರು. ಅದಾದ ಎರಡೇ ವಾರಕ್ಕೆ, ಏಪ್ರಿಲ್ 25ರಂದು, ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಇದೇ ಬಾವುಟದ ಕಾರಣಕ್ಕೆ ಗುಂಡು ಹಾರಿತು. ಕೊನೆಗೆ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿದ ಮೇಲೆ, ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಅಂದಿನ ನೆನಪಿಗೆ ಶಿವಪುರದಲ್ಲಿ ಈಗ ‘ಸತ್ಯಾಗ್ರಹ ಸೌಧ’ ನಿಂತಿದೆ.

1938ರಲ್ಲಿ ಜೈಲಿಗೆ ದಾರಿಯಾಗಿದ್ದ ಧ್ವಜವಂದನೆ ಹತ್ತು ವರ್ಷ ತುಂಬುವಷ್ಟರಲ್ಲಿ ಅದೇ ಮದ್ದೂರಿನ ಶಾಲಾ ಮಕ್ಕಳ ಕಾರ್ಯಕ್ರಮವಾಯಿತು. ಈ ಬದಲಾವಣೆ ಸುಮ್ಮನೆ ಆದದ್ದಲ್ಲ. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆದಾಗ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಮೈಸೂರಿನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಅಲ್ಲಿನ ವೃತ್ತವೊಂದು ಇಂದಿಗೂ ಹೊತ್ತಿದೆ.

ಬಾವುಟವನ್ನು ಹೇಗೆ ಕಟ್ಟಬೇಕು, ಹೇಗೆ ಏರಿಸಬೇಕು, ಹೇಗೆ ಇಳಿಸಿ ಮಡಿಸಬೇಕು ಎಂಬ ಕ್ರಮವನ್ನು ಶಾಲೆಗಳಿಗೆ ತಲುಪಿಸಿದವರಲ್ಲಿ ಸೇವಾದಳದವರು ಪ್ರಮುಖರು. ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳ ಹುಬ್ಬಳ್ಳಿಯನ್ನು ನೆಲೆ ಮಾಡಿಕೊಂಡು ಬೆಳೆಯಿತು. ಸ್ವಾತಂತ್ರ್ಯಾನಂತರ ಭಾರತ ಸೇವಾದಳವೆಂಬ ಹೆಸರಿನಲ್ಲಿ ಅದು ಕರ್ನಾಟಕದ ಶಾಲೆಗಳನ್ನು ಪ್ರವೇಶಿಸಿತು. ಬಿಳಿ ಟೋಪಿ ತೊಟ್ಟ ಮಕ್ಕಳು ರಾಷ್ಟ್ರಧ್ವಜ ಮಾಹಿತಿ ಶಿಬಿರಗಳಲ್ಲಿ ಕಲಿಯುವ ಆ ಗಂಟು, ಆ ಮಡಿಕೆಗಳ ಹಿಂದೆ ಶಿವಪುರದ ನೆನಪಿದೆ. ಅದನ್ನು ಹೇಳಿಕೊಡುವ ಮೇಷ್ಟ್ರು ಶಿವಪುರದ ಕತೆಯನ್ನೂ ಹೇಳಿದರೆ ಕವಾಯತು ಇತಿಹಾಸದ ಪಾಠವಾಗುತ್ತದೆ. ಹೇಳದಿದ್ದರೆ ಬರಿಯ ಕವಾಯತಾಗಿ ಉಳಿಯುತ್ತದೆ.

ಸ್ಕೂಲ್ ಡೇ ಎಂಬ ಹಬ್ಬ

ಸ್ವತಂತ್ರ ಭಾರತ ಪ್ರೌಢಶಿಕ್ಷಣವನ್ನು ಹೊಸದಾಗಿ ಯೋಚಿಸತೊಡಗಿತು. 1948ರಲ್ಲಿ ಎನ್.ಸಿ.ಸಿ. ಆರಂಭವಾಗಿ, ಅದರ ಕಿರಿಯ ವಿಭಾಗ ಹೈಸ್ಕೂಲುಗಳಿಗೆ ಬಂತು. 1952ರಲ್ಲಿ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಮಾಧ್ಯಮಿಕ ಶಿಕ್ಷಣ ಆಯೋಗ ಮರುವರ್ಷ ವರದಿ ಕೊಟ್ಟಿತು. ಆಟ, ನಾಟಕ, ಚರ್ಚಾಕೂಟ, ಕೈಕೆಲಸಗಳು ಶಿಕ್ಷಣದ ಅವಿಭಾಜ್ಯ ಅಂಗಗಳೆಂದು ಅದು ಸ್ಪಷ್ಟವಾಗಿ ಹೇಳಿತು. ‘ಇತರ’ ಎಂಬುದು ‘ಸಹ’ ಆಗುವ ದಾರಿ ಅಲ್ಲಿಂದಲೇ ತೆರೆಯಿತೆನ್ನಬಹುದು.

ಆದರೆ ದೆಹಲಿಯ ವರದಿ ಮಂಡ್ಯ ಸೀಮೆಗೆ ಬರುವ ಮೊದಲೇ ಇಲ್ಲಿನ ಜನ ಒಂದು ವಿಷಯದಲ್ಲಿ ಮುಂದಿದ್ದರು. ಅದು ನಾಟಕ. ಸುಗ್ಗಿ ಮುಗಿಯಿತೆಂದರೆ ಊರೂರಿನಲ್ಲೂ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಗಳ ತಾಲೀಮು. ಹಾರ್ಮೋನಿಯಂ ಮುಂದೆ ಡ್ರಾಮಾ ಮೇಷ್ಟ್ರು, ಹಗಲೆಲ್ಲ ಗದ್ದೆಯಲ್ಲಿ ದುಡಿದು ರಾತ್ರಿ ದುರ್ಯೋಧನನಾಗುವ ರೈತ, ಬಾಡಿಗೆಗೆ ತಂದ ಸೀನರಿ, ಬೆಳಗಿನ ಜಾವದವರೆಗೆ ನಡೆಯುವ ಕಂದಪದ್ಯದ ಮೇಲಾಟ. ಓದುಬರಹ ಅಷ್ಟಾಗಿ ಬಾರದವರೂ ನೂರಾರು ಪದ್ಯಗಳನ್ನು ಕಂಠಸ್ಥ ಮಾಡಿಕೊಂಡಿರುತ್ತಿದ್ದರು. ಇಂಥ ಮನೆಗಳ ಮಕ್ಕಳು ಹೈಸ್ಕೂಲಿಗೆ ಬಂದಾಗ ವಾರ್ಷಿಕೋತ್ಸವಕ್ಕೆ, ಅಂದರೆ ಎಲ್ಲರ ಬಾಯಲ್ಲಿನ ‘ಸ್ಕೂಲ್ ಡೇ’ಗೆ, ನಟರನ್ನು ಹುಡುಕುವ ಕಷ್ಟವಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮುಗ್ಗರಿಸಿದ ಹುಡುಗ ಆ ರಾತ್ರಿ ಕರ್ಣನಾಗಿ ಊರ ಕಣ್ಣಲ್ಲಿ ನೀರು ತರಿಸುತ್ತಿದ್ದ. ಮಗನ ಅಂಕಪಟ್ಟಿ ಓದಲಾರದ ತಂದೆಗೆ ಮಗ ಏನನ್ನೋ ಕಲಿತಿದ್ದಾನೆಂದು ಮೊದಲ ಬಾರಿಗೆ ತಿಳಿಯುತ್ತಿದ್ದುದು ಅಂಥ ವೇದಿಕೆಯಿಂದ.

ಈ ನಾಟಕಪ್ರೀತಿಗೆ ಮಂಡ್ಯದಲ್ಲಿ ಹಿರಿಯರ ಬೆಂಬಲವೂ ಇತ್ತು. ‘ನಿತ್ಯ ಸಚಿವ’ರೆಂದೇ ಹೆಸರಾದ ಕೆ.ವಿ. ಶಂಕರಗೌಡರು ರಾಜ್ಯದ ಶಿಕ್ಷಣ ಸಚಿವರಾಗಿದ್ದವರು. 1962ರಲ್ಲಿ ಮಂಡ್ಯಕ್ಕೆ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ತಂದವರೂ ಅವರೇ. ಜೊತೆಗೆ ಸ್ವತಃ ಬಣ್ಣ ಹಚ್ಚಿ ರಂಗದ ಮೇಲೆ ನಿಂತವರು. ಕಾಲೇಜು ಕಟ್ಟುವುದಕ್ಕೂ ನಾಟಕ ಕಟ್ಟುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಈ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆಟದ ಮಾತೂ ಅಷ್ಟೇ. ಕಬಡ್ಡಿ ನಮ್ಮ ಹಳ್ಳಿಗಳಲ್ಲಿ ‘ಚಡುಗುಡು’ ಎಂಬ ಹೆಸರಿನಲ್ಲಿ ಬೆಳದಿಂಗಳ ಆಟವಾಗಿತ್ತು. ಮಹಾರಾಷ್ಟ್ರದವರು ಅದಕ್ಕೆ ನಿಯಮ, ಅಂಕಣದ ಅಳತೆ ಕೊಟ್ಟರು. 1936ರಲ್ಲಿ ಅಮರಾವತಿಯ ತಂಡ ಅದನ್ನು ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಪ್ರದರ್ಶಿಸಿತು. 1950ರಲ್ಲಿ ರಾಷ್ಟ್ರೀಯ ಸಂಸ್ಥೆ ಬಂತು, 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾಯಿತು. ಶಾಲೆಗೆ ಮಟ್ಟಿಗೆ ಇದರ ಅನುಕೂಲ ಬೇರೆಯೇ. ಬ್ಯಾಟು ಬೇಡ, ನೆಟ್ಟು ಬೇಡ, ಬೂಟೂ ಬೇಡ. ಹದವಾದ ಮಣ್ಣು, ಒಂದು ಹಿಡಿ ಸುಣ್ಣ ಸಾಕು. ಬಡ ಶಾಲೆ ಶ್ರೀಮಂತ ಶಾಲೆಯನ್ನು ಸರಿಸಮನಾಗಿ ಎದುರಿಸಬಲ್ಲ ಕಣ ಇದ್ದರೆ ಅದು ಕಬಡ್ಡಿ ಮತ್ತು ಖೋಖೋ ಅಂಕಣಗಳಲ್ಲಿ ಮಾತ್ರ.

ಗೇಟಿನಾಚೆ ನಿಂತಿದ್ದ ತಮಟೆ

ನಾಟಕ ಸುಲಭವಾಗಿ ಶಾಲೆಯೊಳಗೆ ಬಂತು. ಪುರಾಣದ ಕತೆ, ಗ್ರಂಥದ ಭಾಷೆ ಇದ್ದುದರಿಂದ ಅದಕ್ಕೆ ಮರ್ಯಾದೆಯಿತ್ತು. ಆದರೆ ಈ ಸೀಮೆಯ ಇನ್ನೊಂದು ದೊಡ್ಡ ಆಸ್ತಿ ಬಹುಕಾಲ ಗೇಟಿನಾಚೆಯೇ ನಿಂತಿತ್ತು.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವಿದೆ. ತಂಬೂರಿ, ಗಗ್ಗರ, ದಮ್ಮಡಿ ಹಿಡಿದ ನೀಲಗಾರರು ರಾತ್ರಿಯಿಡೀ, ಹಲವು ರಾತ್ರಿಗಳ ಕಾಲ ಹಾಡಬಲ್ಲ ಮಹಾಕಾವ್ಯ ಮಂಟೇಸ್ವಾಮಿಯದು. ಮಂಡ್ಯ ಸುತ್ತಿನಲ್ಲಿ ದೇವಿಯ ಅಲಂಕೃತ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ಕುಣಿಯುವ ಪೂಜಾ ಕುಣಿತವಿದೆ. ಕೋಲಾಟವಿದೆ, ಸೋಬಾನೆಯಿದೆ, ಎಲ್ಲಕ್ಕೂ ಜೀವ ತುಂಬುವ ತಮಟೆಯಿದೆ. ಇವುಗಳನ್ನು ಬಲ್ಲ ಮನೆಗಳ ಮಕ್ಕಳೇ ತರಗತಿಯಲ್ಲಿ ಕುಳಿತಿದ್ದರು. ಆದರೆ ಆ ವಿದ್ಯೆಯನ್ನು ‘ವಿದ್ಯೆ’ ಎನ್ನುವ ಅಭ್ಯಾಸ ಶಾಲೆಗಿರಲಿಲ್ಲ. ಶಾಲೆಯಲ್ಲಿ ಹಾಡೆಂದರೆ ದೇವರನಾಮ ಇಲ್ಲವೇ ಭಾವಗೀತೆ. ತಮಟೆಯ ದನಿ ಕೇಳಿದರೆ ಕೆಲವರಿಗೆ ನೆನಪಾಗುತ್ತಿದ್ದುದು ಕಲೆಯಲ್ಲ, ಜಾತಿ.

ಈ ದೃಷ್ಟಿ ಬದಲಾಗಲು ಕಾರಣರಾದವರಲ್ಲಿ ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಇಬ್ಬರನ್ನು ಹೆಸರಿಸಲೇಬೇಕು. ಒಬ್ಬರು ಊರೂರಿನ ಹಾಡು ಕತೆಗಳನ್ನು ಬೆನ್ನಟ್ಟಿ ಸಂಗ್ರಹಿಸಿ, ವಿಶ್ವವಿದ್ಯಾನಿಲಯದ ಅಂಗಳದಲ್ಲಿ ಜಾನಪದಕ್ಕೆ ಸ್ಥಾನ ದೊರಕಿಸಿದ ಜೀ.ಶಂ. ಪರಮಶಿವಯ್ಯ. ಇನ್ನೊಬ್ಬರು ಅಧಿಕಾರಿಯಾಗಿದ್ದುಕೊಂಡೇ ಅದೇ ಕೆಲಸಕ್ಕೆ ಕೈಹಾಕಿ, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ ಆಮೇಲೆ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದ ಎಚ್.ಎಲ್. ನಾಗೇಗೌಡ. ಅಜ್ಜಿಯ ಪದ ಪುಸ್ತಕದಲ್ಲಿ ಅಚ್ಚಾದ ಮೇಲೆ ಶಾಲೆಗೂ ಅದು ಪದವೆನಿಸಿತು. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಕ್ಯಾಸೆಟ್ಟುಗಳು ಮನೆಮನೆಯಲ್ಲಿ ಮೊಳಗಿದ್ದೂ ನೆರವಾಯಿತು.

2000ದ ದಶಕದ ಆರಂಭದಲ್ಲಿ ಶಿಕ್ಷಣ ಇಲಾಖೆ ‘ಪ್ರತಿಭಾ ಕಾರಂಜಿ’ ಆರಂಭಿಸಿದಾಗ ಗೇಟು ಅಧಿಕೃತವಾಗಿಯೇ ತೆರೆಯಿತು. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಸ್ಪರ್ಧೆಯಿದು. ಕಂಠಪಾಠ, ಆಶುಭಾಷಣ, ಚರ್ಚೆ, ಭಾವಗೀತೆಗಳ ಜೊತೆಗೆ ಜನಪದ ಗೀತೆ, ಜಾನಪದ ನೃತ್ಯ, ರಂಗೋಲಿ, ಮಿಮಿಕ್ರಿ, ಗಝಲ್, ಕವ್ವಾಲಿಗಳಿಗೂ ಜಾಗ. ಪೂಜಾ ಕುಣಿತಕ್ಕೆ ಹೆಜ್ಜೆ ಹಾಕಬಲ್ಲ ಹುಡುಗ ಶಾಲೆಯ ಹೆಸರು ಹೊತ್ತು ತಾಲ್ಲೂಕು ಕೇಂದ್ರಕ್ಕೆ ಹೋಗುವಂತಾಯಿತು.

ಇದರಲ್ಲೂ ಒಂದು ಎಚ್ಚರ ಅಗತ್ಯ. ತಮಟೆ ಬಡಿಯುವುದು ಶತಮಾನಗಳ ಕಾಲ ದಲಿತರ ಮೇಲೆ ಹೇರಿದ್ದ ಬಿಟ್ಟಿ ಚಾಕರಿಯೂ ಆಗಿತ್ತು. ಅದನ್ನು ನಿರಾಕರಿಸಿ, ಮಕ್ಕಳ ಕೈಗೆ ಪುಸ್ತಕ ಕೊಟ್ಟ ತಂದೆತಾಯಂದಿರಿದ್ದಾರೆ. ಶಾಲೆಯಲ್ಲಿ ತಮಟೆ ಬೇಕೆಂದಾಗ ಮೇಷ್ಟ್ರ ಕಣ್ಣು ಒಂದೇ ಕೇರಿಯ ಹುಡುಗನತ್ತ ಹೊರಳಿದರೆ ಅದು ಗೌರವವಲ್ಲ, ಹಳೆಯ ಹೇರಿಕೆಯ ಮುಂದುವರಿಕೆ. ಎಲ್ಲ ಕೇರಿಯ ಮಕ್ಕಳೂ ಕೈಗೆತ್ತಿಕೊಂಡಾಗ ಮಾತ್ರ ಅದು ವಾದ್ಯವಾಗುತ್ತದೆ.

ಗಡಿಯಾಚೆಯ ಒಂದು ಹೋಲಿಕೆ

ಮಕ್ಕಳ ಕಲೆಗೆ ಸರ್ಕಾರವೇ ವೇದಿಕೆ ಹಾಕುವುದರಲ್ಲಿ ನೆರೆಯ ಕೇರಳ ನಮಗಿಂತ ಬಹಳ ಮುಂದೆ ಇತ್ತು. ಅಲ್ಲಿನ ಶಾಲಾ ಕಲೋತ್ಸವ 1957ರಲ್ಲೇ, ರಾಜ್ಯ ಉದಯವಾದ ಕೆಲವೇ ತಿಂಗಳಲ್ಲಿ ಆರಂಭವಾಯಿತು. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಅದು ಕೇವಲ ಸ್ಪರ್ಧೆಯಲ್ಲ. ಅಲ್ಲಿ ಯಕ್ಷಗಾನವೂ ಸ್ಪರ್ಧೆಯ ವಿಷಯ, ಕನ್ನಡ ಪದ್ಯವಾಚನವೂ ಉಂಟು. ಆಡಳಿತ ಭಾಷೆ ಬೇರೆಯಾಗಿರುವ ನಾಡಿನಲ್ಲಿ ತಮ್ಮ ನುಡಿ ಸರ್ಕಾರಿ ವೇದಿಕೆಯ ಮೇಲೆ ಕೇಳಿಸುವುದು ಅವರ ಪಾಲಿಗೆ ಅಸ್ತಿತ್ವದ ಪ್ರಶ್ನೆ.

ಆದರೆ ಸ್ಪರ್ಧೆಗೆ ಅದರದೇ ದೋಷಗಳಿವೆ. ಬಾಡಿಗೆ ವೇಷಭೂಷಣ, ಹೊರಗಿನಿಂದ ಬಂದ ತರಬೇತುದಾರರು, ತೀರ್ಪಿನ ತಕರಾರು ಇವೆಲ್ಲ ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಸ್ಪರ್ಧೆಯ ಹಿಂದಿನ ವಾರ ಮಾತ್ರ ಎಚ್ಚರಗೊಂಡು, ನಾಲ್ಕು ಜನ ಜಾಣರನ್ನು ಆರಿಸಿ ಕಳುಹಿಸಿ, ಬಹುಮಾನ ಬಂದರೆ ಫೋಟೋ ತೆಗೆಸಿಕೊಂಡು ಮರೆಯುವ ಶಾಲೆಗೆ ಕಾರಂಜಿಯೇ ಬಂದರೂ ನೆಲ ನೆನೆಯುವುದಿಲ್ಲ. ಹಳೆಯ ಸ್ಕೂಲ್ ಡೇಯಲ್ಲಿ ಮಾತು ಬಾರದವನಿಗೂ ಈಟಿ ಹಿಡಿದು ನಿಲ್ಲುವ ದ್ವಾರಪಾಲಕನ ಪಾತ್ರವಾದರೂ ಇರುತ್ತಿತ್ತು.

ಕೊನೆಯ ಬಸ್ಸಿನ ಲೆಕ್ಕ

ಸಂಜೆಯ ಶಾಲೆಯಿಂದ ಹೆಚ್ಚು ವಂಚಿತರಾದವರು ಹುಡುಗಿಯರು. ಕಾರಣ ಪ್ರತಿಭೆಯ ಕೊರತೆಯಲ್ಲ, ಕೊನೆಯ ಬಸ್ಸು. ಕತ್ತಲಾಗುವ ಮುನ್ನ ಮನೆ ಸೇರಬೇಕು. ಸೇರಿದ ಮೇಲೆ ಹಸುವಿಗೆ ಹುಲ್ಲು, ಒಲೆಯ ಮುಂದಿನ ಕೆಲಸ. 1990ರ ದಶಕದ ಮಧ್ಯದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ರಾಜ್ಯದಲ್ಲಿ ಮೊದಲಾದಾಗ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಹಿಂದುಳಿದಿದ್ದ ಸ್ತ್ರೀ ಸಾಕ್ಷರತೆ ಆ ಆಯ್ಕೆಗೆ ಆಧಾರವಾಗಿತ್ತು. ಸಕ್ಕರೆಯ ಜಿಲ್ಲೆಯೆಂಬ ಹೆಸರಿನಡಿ ಮುಚ್ಚಿಹೋಗಿದ್ದ ಕಹಿ ಅದು.

ಆ ಪೀಳಿಗೆಯ ಹುಡುಗಿಯರು ಪ್ರೌಢಶಾಲೆಗೆ ಬಂದ ಮೇಲೆ ಬಂದ ಕೆಲವು ಯೋಜನೆಗಳು ಪಠ್ಯೇತರವೆನಿಸಿದರೂ ಪರಿಣಾಮದಲ್ಲಿ ದೊಡ್ಡವು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಬಂತು. ಮಧ್ಯಾಹ್ನದ ಬಿಸಿಯೂಟ ಹೈಸ್ಕೂಲಿಗೂ ವಿಸ್ತರಿಸಿತು. ಹೊಟ್ಟೆ ತುಂಬಿದ, ಸೈಕಲ್ ಉಳ್ಳ ಹುಡುಗಿ ಸಂಜೆ ಅರ್ಧ ಗಂಟೆ ಖೋಖೋ ಆಡಿ ಹೋಗಬಲ್ಲವಳಾದಳು. ಕೋವಿಡ್ ಕಾಲದಲ್ಲಿ ಸೈಕಲ್ ವಿತರಣೆ ನಿಂತಿತು. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆ ಬಸ್ಸಿನ ಟಿಕೆಟ್ಟಿನ ಚಿಂತೆ ತಪ್ಪಿಸಿತು. ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ಆರು ಗಂಟೆಗೆ ಹಳ್ಳಿಗೆ ಬಸ್ಸು ಇರುತ್ತದೆಂದು ಹೇಳುವಂತಿಲ್ಲ. ಗೇಟಿನತ್ತ ಓಡುವ ಹುಡುಗಿಯ ಸಮಸ್ಯೆ ಸಾರಿಗೆ ವೇಳಾಪಟ್ಟಿಯದು. ಅದರ ನಷ್ಟ ಶಾಲೆಯ ತಂಡಕ್ಕೆ.

ಆರುನೂರ ಇಪ್ಪತ್ತೈದರ ಆಚೆ

ಈಗ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಇದರಲ್ಲಿ ಕಬಡ್ಡಿಗೆ ಅಂಕವಿಲ್ಲ, ಕೋಲಾಟಕ್ಕಿಲ್ಲ, ನಾಟಕಕ್ಕಿಲ್ಲ. ದೈಹಿಕ ಶಿಕ್ಷಣ, ಕಲೆ, ಕಾರ್ಯಾನುಭವಗಳಿಗೆ ಶಾಲೆಯ ಮಟ್ಟದಲ್ಲಿ ಶ್ರೇಣಿ ಕೊಡುವುದುಂಟು. ಆದರೆ ಫಲಿತಾಂಶದ ದಿನ ಯಾರೂ ಅದನ್ನು ಕೇಳುವುದಿಲ್ಲ. ಪತ್ರಿಕೆಗಳಲ್ಲಿ ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಇಳಿಯಿತು, ಎಷ್ಟಕ್ಕೆ ಏರಿತು ಎಂಬುದೇ ಸುದ್ದಿ. ಆ ಸುದ್ದಿ ಬರೆಯುವವರಲ್ಲಿ ಈ ವರದಿಗಾರನೂ ಒಬ್ಬ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಸ್ಥಾನ ಇಳಿದ ವರ್ಷ ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ. ಮೊದಲು ಬಲಿಯಾಗುವುದು ಆಟದ ಪೀರಿಯಡ್ಡು.

ಈ ವರದಿಗಾರ ಓದಿದ್ದೂ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ವೇಳಾಪಟ್ಟಿಯಲ್ಲಿ ‘ದೈ.ಶಿ.’ ಎಂದು ಬರೆದಿದ್ದ ಕಡೆಯೆಲ್ಲ ಹತ್ತನೇ ತರಗತಿಯಲ್ಲಿ ಗಣಿತದ ಮೇಷ್ಟ್ರು ಬರುತ್ತಿದ್ದರು. ಚಿತ್ರಕಲೆಯ ಕೊಠಡಿಗೆ ಬೀಗ, ಕಲಿಸುವವರಿರಲಿಲ್ಲ. ತರಗತಿಯಲ್ಲಿ ಸದಾ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನೊಬ್ಬ ಕಬಡ್ಡಿಯಲ್ಲಿ ತಾಲ್ಲೂಕು ತಂಡಕ್ಕೆ ಆಯ್ಕೆಯಾದ ವಾರ ಮಾತ್ರ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಪಂದ್ಯ ಮುಗಿದು, ಆಟ ನಿಂತು, ವಿಶೇಷ ತರಗತಿ ಶುರುವಾದ ಮೇಲೆ ಅವನು ಆಲೆಮನೆಯ ಕೆಲಸಕ್ಕೆ ಹೋದವನು ಮತ್ತೆ ಬರಲಿಲ್ಲ. ಅವನನ್ನು ಶಾಲೆಗೆ ಕಟ್ಟಿಹಾಕಿದ್ದ ಹಗ್ಗ ಯಾವುದೆಂದು ಯಾರೂ ಗಮನಿಸಿರಲಿಲ್ಲ.

ದೈಹಿಕ ಶಿಕ್ಷಣ ಶಿಕ್ಷಕರು ತಮ್ಮನ್ನು ಉಳಿದ ಶಿಕ್ಷಕರಿಗೆ ಸಮನಾಗಿ ಕಾಣಬೇಕೆಂದು, ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿಯಾಗಬೇಕೆಂದು ವರ್ಷಗಟ್ಟಲೆ ಮನವಿ ಕೊಡುತ್ತ ಬಂದಿದ್ದಾರೆ. ಇದು ಬರೀ ವೇತನ, ಬಡ್ತಿ ಪ್ರಶ್ನೆಯಲ್ಲ. ಡ್ರಿಲ್ ಮೇಷ್ಟ್ರು ನಿವೃತ್ತರಾಗಿ ಆ ಹುದ್ದೆ ಖಾಲಿ ಉಳಿದರೆ ಅಂಕಣದ ಸುಣ್ಣದ ಗೆರೆ ಅಳಿಸಿಹೋಗುತ್ತದೆ, ಬಾವುಟದ ಗಂಟು ಹೇಳಿಕೊಡುವವರಿರುವುದಿಲ್ಲ, ಸಂಜೆ ಗೇಟಿಗೆ ಬೇಗ ಬೀಗ ಬೀಳುತ್ತದೆ. ಪಟ್ಟಣದ ಮಗುವಿಗೆ ಶುಲ್ಕ ಕಟ್ಟಿ ಕಳಿಸುವ ನೃತ್ಯಶಾಲೆ, ಕರಾಟೆ ತರಗತಿ, ಕ್ರಿಕೆಟ್ ಕ್ಯಾಂಪು ಇವೆ. ಹಳ್ಳಿಯ ಮಗುವಿಗೆ ಇರುವುದು ಸರ್ಕಾರಿ ಶಾಲೆಯ ಅಂಗಳ ಒಂದೇ. ಅದು ಮುಚ್ಚಿದರೆ ಬೇರೆ ಬಾಗಿಲಿಲ್ಲ.

1938ರಲ್ಲಿ ಈ ಸೀಮೆಯ ಜನ ಒಂದು ಬಾವುಟ ಏರಿಸುವ ಹಕ್ಕಿಗಾಗಿ ಜೈಲಿಗೆ ಹೋದರು. ಅವರ ಮರಿಮಕ್ಕಳು ಕೇಳುತ್ತಿರುವುದು ಅಷ್ಟು ದೊಡ್ಡದೇನಲ್ಲ. ಒಬ್ಬ ಮೇಷ್ಟ್ರು, ಒಂದಿಷ್ಟು ಮಣ್ಣು, ಆರು ಗಂಟೆಗೆ ಒಂದು ಬಸ್ಸು.